ಘಟಪ್ರಭೆಯ ನೀರು ಕಾರವಾರದ ಕಡಲಿಗೆ ಬರುವ ದಾರಿ

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಹಾಯ್ದು ಬರುವ ಹಿರಣ್ಯಕೇಶಿ ನದಿ ಹುಟ್ಟುವುದು ಸಹ್ಯಾದ್ರಿಯ ಅಂಬೋಲಿಯಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರ ನೇರ ಅಳತೆಯಲ್ಲಿ 50 ಕಿ.ಮೀ. ಕೂಡ ಇಲ್ಲ. ಆದರೂ ಈ ನೀರು ಕಡಲಿಗೆ ಬೆನ್ನು ಹಾಕಿ ಘಟಪ್ರಭೆಯನ್ನು ಸೇರುತ್ತದೆ, ಗೋಕಾಕದಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ, ಮೂಡಲಗಿ ಸೀಮೆಯ ಕಬ್ಬಿನ ಹೊಲಗಳ ಮಗ್ಗುಲಲ್ಲಿ ಹರಿದು ಕೃಷ್ಣೆಯ ಜೊತೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಭೂಗೋಳದ ಪುಸ್ತಕ ಇಲ್ಲಿಗೆ ಮುಗಿಯುತ್ತದೆ; ನೀರಿನ ಪಯಣ ಮುಗಿಯುವುದಿಲ್ಲ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಹಿಡಕಲ್ ಜಲಾಶಯ, ಕಾಲುವೆಗಳು, ಕೆಳಗಿನ ಅಣೆಕಟ್ಟುಗಳು ಎಲ್ಲವನ್ನೂ ದಾಟಿ ಕಡಲು ಮುಟ್ಟುವ ಪಾಲು ಸಣ್ಣದು. 2019ರ ಆಗಸ್ಟ್‌ನಲ್ಲಿ ಗೋಕಾಕದ ಬಳಿಯ ಲೋಳಸೂರು ಸೇತುವೆ ಮುಳುಗಿದಂಥ ಮಳೆಗಾಲದಲ್ಲಷ್ಟೇ ಅದು ಹಿಗ್ಗುತ್ತದೆ. ಕೊಲ್ಲಿಯ ಸಿಹಿನೀರಿನಲ್ಲಿ ಸಿಂಹಪಾಲು ಗಂಗಾ–ಬ್ರಹ್ಮಪುತ್ರ ಮತ್ತು ಐರಾವತಿಗಳದು.

ಗೋಕಾಕದ ಧಬಧಬೆಯಲ್ಲಿ ಕೆಮ್ಮಣ್ಣಿನ ನೀರು ಕ್ಷಣದಲ್ಲಿ ಕಲೆತುಹೋಗುತ್ತದೆ, ಏಕೆಂದರೆ ಕಲಕುವ ಶಕ್ತಿಯನ್ನು ಎತ್ತರವೇ ಕೊಡುತ್ತದೆ. ಕಡಲಲ್ಲಿ ಆ ಎತ್ತರವಿಲ್ಲ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಗುರವಾದದ್ದನ್ನು ಕೆಳಕ್ಕೆ ಒತ್ತಲು ಗಾಳಿಯೋ ಉಬ್ಬರವಿಳಿತವೋ ದುಡಿಯಬೇಕು. ಮಳೆಗಾಲ ತಗ್ಗಿದ ಮೇಲೆ ಗಾಳಿಯೂ ಸೋಲುತ್ತದೆ. ಹಾಗಾಗಿ ಸಿಹಿನೀರು ಹಾಲಿನ ಮೇಲಿನ ಕೆನೆಯಂತೆ ತೆಳ್ಳಗೆ ನಿಂತುಬಿಡುತ್ತದೆ.

ಅಕ್ಟೋಬರ್ ಹೊತ್ತಿಗೆ ಪೂರ್ವ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ತಿರುಗಿ ಈ ಕೆನೆಯನ್ನು ದಡಕ್ಕೆ ಅಂಟಿಸಿಕೊಂಡೇ ಒಯ್ಯುತ್ತದೆ. ಅದರ ಅಗಲ ಸುಮಾರು 100 ಕಿ.ಮೀ. ಇದನ್ನು ಹಿಡಿದುಕೊಟ್ಟ ಕಡಲನೀರಿನ ಮಾದರಿಗಳನ್ನು ಪೂರ್ವ ಕರಾವಳಿಯ ಮೀನುಗಾರರೇ ಸಂಗ್ರಹಿಸಿದ್ದರು. ಅವನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಕಡಲೊಳಗಿನ ನದಿ ಎಂದೇ ಕರೆಯಿತು. ದುಬಾರಿ ಹಡಗುಗಳಿಗಿಂತ ದಿನವೂ ಕಡಲಿಗಿಳಿಯುವವರ ಬಾಟಲಿಗಳು ಹೆಚ್ಚು ಹೇಳಿದವು ಎಂಬುದು ನನಗೆ ಇಷ್ಟದ ಸಂಗತಿ.

ಶ್ರೀಲಂಕಾವನ್ನು ಬಳಸಿ ಬಂದ ಈ ನೀರಿನ ಒಂದು ಭಾಗ ಚಳಿಗಾಲದಲ್ಲಿ ಕೇರಳ, ಮಂಗಳೂರು, ಕಾರವಾರಗಳ ಮುಂದೆ ಉತ್ತರಕ್ಕೆ ಸಾಗುತ್ತದೆ. ಆಗ ಅಲ್ಲಿನ ಗಾಳಿ ಬೀಸುವುದು ಎದುರು ದಿಕ್ಕಿಗೆ. ಗಾಳಿಗೆ ಎದುರಾಗಿ ಹರಿಯುವ ಈ ಪ್ರವಾಹವನ್ನು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಆರ್. ಶೆಟ್ಯೆ ಮತ್ತು ಸಂಗಡಿಗರು 1991ರ ಲೇಖನದಲ್ಲಿ ವಿವರಿಸಿದರು. ಸ್ಥಳೀಯ ಗಾಳಿಯೊಂದರಿಂದ ಇದಕ್ಕೆ ವಿವರಣೆ ಸಿಗದು. ಕೊಲ್ಲಿಯ ಗಾಳಿ ಎಬ್ಬಿಸಿದ ಕೆಲ್ವಿನ್ ಅಲೆಗಳು ದಡವನ್ನು ಬಲಕ್ಕಿಟ್ಟುಕೊಂಡು ಭಾರತದ ತುದಿಯನ್ನು ಸುತ್ತಿ ಬರುತ್ತವೆ. ಅಂದರೆ ಕಾರವಾರದ ಕಡಲಿನ ನಡೆಗೆ ಕಾರಣ ಭಾಗಶಃ ಪೂರ್ವ ಕರಾವಳಿಯಲ್ಲಿದೆ.

ಬಂದ ಸಿಹಿನೀರು ಇಲ್ಲೂ ಮುಚ್ಚಳವಾಗುತ್ತದೆ. ಅದರಡಿಯ ತಣ್ಣೀರು ಮೇಲೇಳದು. ಬಿಸಿಲಿನ ಕಾವು ತೆಳುಪದರದಲ್ಲೇ ಉಳಿಯುತ್ತದೆ. ಮೇ ವೇಳೆಗೆ ಆಗ್ನೇಯ ಅರಬ್ಬೀ ಸಮುದ್ರದ ಮೇಲ್ಮೈ 30 ಡಿಗ್ರಿ ಸೆಲ್ಸಿಯಸ್ ಮೀರಲು ಇದೂ ಒಂದು ಕಾರಣ. ಜೂನ್‌ನ ಗಾಳಿ ಬಂದಾಗ ಪ್ರವಾಹ ದಕ್ಷಿಣಕ್ಕೆ ಮರಳುತ್ತದೆ, ಮೇಲಿನ ನೀರು ದಡದಿಂದ ಸರಿಯುತ್ತದೆ, ಆಳದ ತಣ್ಣೀರು ಮೇಲೇರಿ ಮುಚ್ಚಳ ಒಡೆಯುತ್ತದೆ. ಅದೇ ವಾರಗಳಲ್ಲಿ ಅಂಬೋಲಿಯಲ್ಲಿ ಮಳೆ ಹಿಡಿದಿರುತ್ತದೆ.