‘ಸರ್ವರ್ ಡೌನ್’ ತಪ್ಪಿಸುವ ಜೋಡಿ ದಾರಿ: ಸ್ಟೋರೇಜ್ ಜಾಲ ಕಟ್ಟುವ ಕ್ರಮ

ಪಾಸ್‌ಬುಕ್ ಹಿಡಿದು ಬ್ಯಾಂಕಿನ ಕೌಂಟರ್ ಮುಂದೆ ನಿಂತವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಹೊಸದಲ್ಲ. ಕಾಸರಗೋಡಿರಲಿ, ತಾಳವಾಡಿಯಿರಲಿ, ಅಕ್ಕಲಕೋಟೆಯಿರಲಿ, ಕೋರ್ ಬ್ಯಾಂಕಿಂಗ್ ಬಂದ ಮೇಲೆ ಶಾಖೆಯ ಲೆಕ್ಕ ಶಾಖೆಯಲ್ಲಿಲ್ಲ. ಅದೆಲ್ಲ ದೂರದ ಡೇಟಾ ಸೆಂಟರ್ ಸೇರಿದೆ. ಶಾಖೆಯ ಲೈನು ಕೆಟ್ಟರೆ ಆ ಊರಿನ ಕೆಲಸವಷ್ಟೇ ನಿಲ್ಲುತ್ತದೆ. ಆದರೆ ಡೇಟಾ ಸೆಂಟರಿನಲ್ಲಿ ಸರ್ವರಿಗೂ ಡಿಸ್ಕಿಗೂ ನಡುವಿನ ಜಾಲ ಕಡಿದರೆ ಎಲ್ಲ ಊರುಗಳ ಕೆಲಸವೂ ನಿಲ್ಲುತ್ತದೆ. ಆ ಜಾಲವನ್ನು ಹೇಗೆ ಕಟ್ಟುತ್ತಾರೆ ಎಂಬ ವಿವರ ಇಲ್ಲಿದೆ.

ಸ್ಯಾನ್ ಎಂದರೇನು?

ಮನೆಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಪೆಟ್ಟಿಗೆಯೊಳಗೇ ಇರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಡಿಸ್ಕುಗಳನ್ನು ಒಂದೆಡೆ ಜೋಡಿಸಿಟ್ಟು, ಹಲವು ಸರ್ವರ್‌ಗಳು ಹಂಚಿಕೊಂಡು ಬಳಸುತ್ತವೆ. ಇವನ್ನು ಕೂಡಿಸುವ ಪ್ರತ್ಯೇಕ ಜಾಲವೇ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಚುಟುಕಾಗಿ ಸ್ಯಾನ್.

ಇದರಲ್ಲಿ ಎರಡು ವಿಧಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು 1994ರಲ್ಲಿ ಮಾನ್ಯತೆ ಪಡೆದ ಫೈಬರ್ ಚಾನೆಲ್. ಪಡೆಯುವ ಕಡೆ ಜಾಗವಿದೆ ಎಂದು ಖಚಿತವಾದ ಮೇಲಷ್ಟೇ ಇದು ಮಾಹಿತಿ ಕಳುಹಿಸುತ್ತದೆ. ಹಾಗಾಗಿ ದಟ್ಟಣೆ ಹೆಚ್ಚಾದರೂ ಮಾಹಿತಿ ಕಳೆದುಹೋಗುವುದಿಲ್ಲ. ಎರಡನೆಯದು ಸಾಮಾನ್ಯ ಈಥರ್ನೆಟ್ ಮೇಲೆಯೇ ಓಡುವ ಐ-ಸ್ಕಸಿ. ಇದರ ನಿಯಮಗಳು 2004ರಲ್ಲಿ ಪ್ರಕಟವಾದವು. ಖರ್ಚು ಕಡಿಮೆ, ಆದರೆ ಸಾಮಾನ್ಯ ಈಥರ್ನೆಟ್ ಸ್ವಿಚ್ ತುಂಬಿದಾಗ ಮಾಹಿತಿಯನ್ನು ಬಿಟ್ಟುಬಿಡುತ್ತದೆ, ಮತ್ತೆ ಕಳುಹಿಸಬೇಕಾಗುತ್ತದೆ. ಆದ್ದರಿಂದ ಐ-ಸ್ಕಸಿಗೆ ಬೇರೆಯೇ ಸ್ವಿಚ್ ಇಡುವುದು ಲೇಸು. ಕಚೇರಿಯ ಇಂಟರ್ನೆಟ್ ಓಡಾಟದೊಂದಿಗೆ ಅದನ್ನು ಬೆರೆಸಬಾರದು.

ವೆಬ್ ಪುಟ ತಡವಾಗಿ ತೆರೆದರೆ ಯಾರಿಗೂ ನಷ್ಟವಿಲ್ಲ. ಡಿಸ್ಕ್ ಹಾಗಲ್ಲ. ಲಿನಕ್ಸ್ ಸರ್ವರ್ ಡಿಸ್ಕಿನ ಉತ್ತರಕ್ಕೆ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಪ್ರಯತ್ನಿಸಿ, ಕೊನೆಗೆ ದೋಷವೆಂದು ಕೈಬಿಡುತ್ತದೆ. ಅಲ್ಲಿಗೆ ಡೇಟಾಬೇಸ್ ನಿಂತಂತೆಯೇ.

ಎಲ್ಲವೂ ಎರಡು

ಪ್ರತಿ ಸರ್ವರಿಗೆ ಎರಡು ಕಾರ್ಡು, ಎರಡು ಸ್ವಿಚ್ಚು, ಡಿಸ್ಕ್ ಪೆಟ್ಟಿಗೆಗೆ ಎರಡು ಕಂಟ್ರೋಲರ್, ಬೇರೆ ಬೇರೆ ಯುಪಿಎಸ್‌ನಿಂದ ವಿದ್ಯುತ್. ಹೀಗೆ ಒಂದರ ಪಕ್ಕ ಇನ್ನೊಂದು ಪೂರ್ಣ ದಾರಿ ಇರಬೇಕು. ಒಂದು ದಾರಿ ಕಡಿದರೆ ಸರ್ವರಿನಲ್ಲಿರುವ ಮಲ್ಟಿಪಾತ್ ತಂತ್ರಾಂಶ ಕೆಲಸವನ್ನು ಇನ್ನೊಂದಕ್ಕೆ ತಿರುಗಿಸುತ್ತದೆ.

ಫೈಬರ್ ಚಾನೆಲ್‌ನಲ್ಲಿ ಈ ಎರಡು ದಾರಿಗಳ ಸ್ವಿಚ್ಚುಗಳನ್ನು ಪರಸ್ಪರ ಜೋಡಿಸಬಾರದು. ಯಾವ ಸರ್ವರ್ ಯಾವ ಡಿಸ್ಕನ್ನು ಕಾಣಬಹುದು ಎಂಬ ಪಟ್ಟಿಗೆ ಜೋನಿಂಗ್ ಎನ್ನುತ್ತಾರೆ. ಈ ಪಟ್ಟಿ ಜೋಡಿಸಿದ ಸ್ವಿಚ್ಚುಗಳಿಗೆಲ್ಲ ತಾನಾಗಿ ಹರಡುತ್ತದೆ. ಒಬ್ಬ ನೌಕರನ ಒಂದು ತಪ್ಪು ಎರಡೂ ದಾರಿಗಳನ್ನು ಒಟ್ಟಿಗೆ ಕೆಡಿಸದಿರಲಿ ಎಂಬುದೇ ಈ ಎಚ್ಚರಿಕೆಯ ಉದ್ದೇಶ.

ವೇಗದ ಲೆಕ್ಕ

16 ಗಿಗಾಬಿಟ್ ಫೈಬರ್ ಚಾನೆಲ್ ದಾರಿಯಲ್ಲಿ ಸೆಕೆಂಡಿಗೆ ಸುಮಾರು 1,600 ಮೆಗಾಬೈಟ್ ಹರಿಯಬಹುದು. ಎರಡು ದಾರಿಗಳಲ್ಲಿ ತಲಾ 1,000 ಮೆಗಾಬೈಟ್ ಹರಿಯುತ್ತಿದ್ದರೆ ನೋಡುವವರಿಗೆ ಎಲ್ಲವೂ ಸರಿಯೇ. ಒಂದು ಕಡಿದ ಕೂಡಲೇ 2,000 ಮೆಗಾಬೈಟಿನ ಹೊರೆ 1,600ರ ದಾರಿಗೆ ಬೀಳುತ್ತದೆ, ಕೆಲಸ ತೆವಳತೊಡಗುತ್ತದೆ. ಆದ್ದರಿಂದ ಎರಡರ ಒಟ್ಟು ಹೊರೆ ಒಂದರಲ್ಲೇ ಹಿಡಿಸುವಂತಿರಬೇಕು. ಅಂದರೆ ಯಾವ ದಾರಿಯೂ ಅರ್ಧಕ್ಕಿಂತ ಹೆಚ್ಚು ತುಂಬಬಾರದು.

ದೂರದ ಲೆಕ್ಕವೂ ಇದೆ. ಗಾಜಿನ ಎಳೆಯಲ್ಲಿ ಬೆಳಕಿಗೆ ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡು ಬೇಕು. 100 ಕಿಲೋಮೀಟರ್ ಆಚೆ ಎರಡನೇ ಪ್ರತಿ ಬರೆದು ಮರಳಿ ಒಪ್ಪಿಗೆ ಪಡೆಯಲು, ಪ್ರತಿ ಬರಹಕ್ಕೂ ಕನಿಷ್ಠ 1 ಮಿಲಿಸೆಕೆಂಡು ಹೆಚ್ಚುವರಿ. ಇನ್ನೂ ದೂರವಾದರೆ ಒಪ್ಪಿಗೆಗೆ ಕಾಯದೆ ಪ್ರತಿ ಕಳುಹಿಸುವುದು ವಾಡಿಕೆ. ಆಗ ಅವಘಡವಾದರೆ ಕೊನೆಗಳಿಗೆಯ ಕೆಲವು ವಹಿವಾಟು ಕೈತಪ್ಪಬಹುದು.

ಪರೀಕ್ಷೆಯೇ ಮುಖ್ಯ

ಜೋಡಿ ದಾರಿಯ ದೊಡ್ಡ ಅಪಾಯ ಅದರ ಗುಣದಲ್ಲೇ ಅಡಗಿದೆ. ಒಂದು ಸತ್ತರೂ ಕೆಲಸ ನಡೆಯುವುದರಿಂದ ಯಾರಿಗೂ ತಿಳಿಯುವುದಿಲ್ಲ. ಎರಡನೆಯದೂ ಕೈಕೊಟ್ಟ ದಿನ ಗುಟ್ಟು ಬಯಲಾಗುತ್ತದೆ. ಹಾಗಾಗಿ ದಾರಿ ಕಡಿದ ತಕ್ಷಣ ಎಚ್ಚರಿಸುವ ವ್ಯವಸ್ಥೆ ಬೇಕು. ಬಳಕೆಗೆ ಬಿಡುವ ಮೊದಲೇ ಒಂದು ಕೇಬಲ್ ಕಿತ್ತು, ಒಂದು ಸ್ವಿಚ್ ಆರಿಸಿ ನೋಡಬೇಕು. ಸ್ವಿಚ್ಚಿನ ತಂತ್ರಾಂಶ ಬದಲಿಸುವಾಗ ಒಂದು ಕಡೆ ಮುಗಿಸಿ, ಸರಿಯಿದೆ ಎಂದು ಕಂಡ ಮೇಲಷ್ಟೇ ಇನ್ನೊಂದು ಕಡೆ.

ಜೋಡಿ ದಾರಿ ಬ್ಯಾಕಪ್ ಅಲ್ಲ ಎಂಬುದೂ ನೆನಪಿರಲಿ. ತಪ್ಪಿ ಅಳಿಸಿದ ಕಡತ ಎರಡೂ ಪ್ರತಿಗಳಲ್ಲಿ ಅಳಿಯುತ್ತದೆ. ಬೇರೆಡೆ ಇಟ್ಟ ಬ್ಯಾಕಪ್ ಮಾತ್ರ ಆಗ ಕಾಯುತ್ತದೆ.

ಊರಿನ ಸಹಕಾರ ಸಂಘ, ಆಸ್ಪತ್ರೆಗಳು ಇಂಥ ವ್ಯವಸ್ಥೆ ಕೊಳ್ಳುವಾಗ ಮಾರುವವರಿಗೆ ಮೂರು ಪ್ರಶ್ನೆ ಕೇಳಬೇಕು. ಎರಡನೇ ದಾರಿ ಪೂರ್ತಿ ಬೇರೆಯೇ? ಒಂದೇ ದಾರಿ ಇಡೀ ಹೊರೆ ಹೊರುತ್ತದೆಯೇ? ಕೇಬಲ್ ಕಿತ್ತು ನಮ್ಮೆದುರು ತೋರಿಸುತ್ತೀರಾ? ಹಣ ಕೊಡುವುದು ಮೂರನೆಯದಕ್ಕೆ ಉತ್ತರ ಕಣ್ಣಾರೆ ಕಂಡ ಮೇಲೆ.