ತೊರವಿಯ ನೌರಸ್

ತೊರವಿಯ ಹೊಲಗಳ ನಡುವೆ ಸಂಗೀತ ಮಹಲು ಪಾಳುಬಿದ್ದು ನಿಂತಿರುವ ಜಾಗಕ್ಕೆ ನವರಸಪುರ ಎನ್ನುತ್ತೇವೆ. ಕನ್ನಡದ ಕಿವಿಗೆ ಅದರಲ್ಲಿ ಕೇಳುವುದು ಶೃಂಗಾರದಿಂದ ಶಾಂತದವರೆಗಿನ ಒಂಬತ್ತು ರಸ. ವಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ಪಟ್ಟಣ ಕಟ್ಟಿಸಲು ಹೊರಟಾಗ, ಅವನ ಆಸ್ಥಾನದ ಇರಾನಿ ಕವಿಗಳಿಗೆ ಅದೇ ಹೆಸರಿನಲ್ಲಿ ಕೇಳುತ್ತಿದ್ದದ್ದು ಬೇರೆ.

ಫಾರಸಿಯಲ್ಲಿ 'ನೌ' ಅಂದರೆ ಹೊಸದು. 'ರಸ್' ಬಂದದ್ದು 'ರಸೀದನ್' ಎಂಬ ಕ್ರಿಯಾಪದದಿಂದ. ಅದಕ್ಕೆ ತಲುಪು, ಮಾಗು ಎಂಬ ಎರಡೂ ಅರ್ಥಗಳಿವೆ. ನಮ್ಮಲ್ಲೂ ಬೆಳೆ ಕೊಯ್ಲಿಗೆ 'ಬರುತ್ತದೆ' ತಾನೆ. ಹಾಗಾಗಿ 'ನೌರಸ್' ಅಂದರೆ ಈಗಷ್ಟೇ ಬಂದದ್ದು, ಹೊಸದಾಗಿ ಮಾಗಿದ ಹಣ್ಣು, ಆಗತಾನೆ ಹರೆಯಕ್ಕೆ ಬಂದವರು.

ನೌರಸ್, ನವರಸ ಎಂಬ ಈ ಎರಡು ಪದಗಳ ನಂಟು ವಿಚಿತ್ರವಾದದ್ದು. ಫಾರಸಿಯ 'ನೌ' ನಮ್ಮ 'ನವವಧು'ವಿನ 'ನವ'ಕ್ಕೆ ಒಡಹುಟ್ಟು. ಆದರೆ ಸಂಸ್ಕೃತದ 'ನವ'ಕ್ಕೆ ಒಂಬತ್ತು ಎಂಬ ಅರ್ಥವೂ ಉಂಟು. ಫಾರಸಿಯಲ್ಲಿ ಒಂಬತ್ತಕ್ಕೆ 'ನುಹ್' ಎಂಬ ಬೇರೆ ಪದವೇ ಇದೆ. 'ರಸ್'ಗೂ ನಮ್ಮ ರಸಕ್ಕೂ ರಕ್ತಸಂಬಂಧವಿಲ್ಲ, ದನಿ ಮಾತ್ರ ಒಂದಾಗಿದೆ.

ದನಿಯ ಈ ಹೊಂದಿಕೆಯನ್ನು ಇಬ್ರಾಹಿಂ ಮನಸಾರೆ ಪ್ರೀತಿಸಿದ. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ದಖನಿಯಲ್ಲಿ ತಾನು ಕಟ್ಟಿದ ಹಾಡುಗಳಿಗೆ 'ಕಿತಾಬ್-ಎ-ನೌರಸ್' ಎಂದು ಹೆಸರಿಟ್ಟ. ಊರಿಗೂ ಅವನು ನಡೆಸುತ್ತಿದ್ದ ಹಬ್ಬಕ್ಕೂ ಅದೇ ಹೆಸರಾಯಿತು. ಅವನ ಆಸ್ಥಾನದ ಫರಿಷ್ತಾ ಬರೆದ ಇತಿಹಾಸಕ್ಕೂ 'ನೌರಸ್‌ನಾಮಾ' ಎಂಬ ಇನ್ನೊಂದು ಹೆಸರಿದೆ. ಇರಾನಿನಿಂದ ಬಂದ ಕವಿ ಜುಹೂರಿ ಆ ಹಾಡುಗಳ ಪುಸ್ತಕಕ್ಕೆ ಫಾರಸಿಯಲ್ಲಿ ಮುನ್ನುಡಿ ಬರೆದಾಗ ಎರಡೂ ಅರ್ಥಗಳನ್ನು ಬಿಡಿಸಿ ಹೇಳಿದ: ಇಲ್ಲಿಯವರಿಗೆ ಒಂಬತ್ತು ರಸಗಳ ಕೂಟ, ಇರಾನಿನವರಿಗೆ ಅರಸನ ವಿದ್ಯೆಯ ಮರದಲ್ಲಿ ಬಿಟ್ಟ ಹೊಸ ಫಲ. ಯಾರನ್ನೂ ಹೊರಗಿಡದ ಹೆಸರು ಬೇಕೆಂದೇ ಇಬ್ರಾಹಿಂ ಇದನ್ನು ಆರಿಸಿದ ಎಂದು ನನಗನ್ನಿಸುತ್ತದೆ. ಅದಕ್ಕೆ ನೆಲವೂ ಒಪ್ಪುವಂಥದ್ದೇ ಸಿಕ್ಕಿತು. ಇದು ನರಸಿಂಹನ ಊರು; ಕುಮಾರವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಹಾಡಿದ ತೊರವೆ.

ಪಟ್ಟಣ ಮಾತ್ರ ಪೂರ್ಣವಾಗಲಿಲ್ಲ. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್‌ನ ಸೈನ್ಯ ಅದನ್ನು ಹಾಳುಗೆಡವಿತು. 1686ರಲ್ಲಿ ಔರಂಗಜೇಬ ವಿಜಾಪುರವನ್ನೇ ಗೆದ್ದುಕೊಂಡ. ಆಸ್ಥಾನ ಚದುರಿದ ಮೇಲೆ ಹೊಸ ಹಣ್ಣಿನ ಅರ್ಥ ನಮ್ಮ ಕಡೆ ಮರೆಯಾಯಿತು, ಒಂಬತ್ತರ ಅರ್ಥವಷ್ಟೇ ಉಳಿಯಿತು.

ಹಾಗೆಂದು 'ರಸೀದನ್' ಕನ್ನಡವನ್ನು ಬಿಟ್ಟುಹೋಗಿಲ್ಲ. ಅಂಗಡಿಯಲ್ಲಿ, ಗುಡಿಯ ಸೇವಾ ಕೌಂಟರಿನಲ್ಲಿ ನಾವು ಕೇಳಿ ಪಡೆಯುವ 'ರಶೀದಿ' ಅದರದೇ ಕೂಸು. 'ರಸೀದ್' ಅಂದರೆ 'ತಲುಪಿತು'. ಹಣವೋ ಸರಕೋ ಮುಟ್ಟಿತೆಂದು ಬರೆದುಕೊಟ್ಟ ಚೀಟಿಗೇ ಆ ಹೆಸರು ನಿಂತಿತು. ಇಷ್ಟು ಬಳಕೆಯ ಪದವೊಂದು ಕೈಯಲ್ಲಿರುವಾಗ ನೌರಸ್‌ನ ಅರ್ಥವನ್ನು ಶಾಲೆಯ ಮಕ್ಕಳಿಗೂ ತಿಳಿಸುವುದು ಕಷ್ಟವಲ್ಲ. ನವರಸಪುರ ಉತ್ಸವದ ವೇದಿಕೆಯಿಂದ ಒಂಬತ್ತು ರಸಗಳ ಮಾತು ಬರುವಾಗಲೆಲ್ಲ, ಆಗತಾನೆ ಮಾಗಿದ ಆ ಹಣ್ಣಿನ ಮಾತೂ ಬರಲಿ ಎಂಬುದು ನನ್ನ ಆಸೆ.