ಚಿಹ್ನೆಯಿಂದ ಅಂಕಿಗೆ: ಪ್ರಾಶಸ್ತ್ಯ ಮತ ಮತ್ತು ತುಮಕೂರು ಸೀಮೆ

ಗುಬ್ಬಿ, ಕುಣಿಗಲ್ ಭಾಗದ ಗ್ರಾಮೀಣ ಮತದಾರರಿಗೆ ಚುನಾವಣೆಯೆಂದರೆ ಚಿಹ್ನೆ. ಅಕ್ಷರ ಬಾರದವರೂ ಚಿತ್ರವನ್ನು ಗುರುತಿಸಿ ಮತ ನೀಡಬಲ್ಲರು. ಆದರೆ ರಾಷ್ಟ್ರಪತಿ, ರಾಜ್ಯಸಭೆ ಹಾಗೂ ವಿಧಾನ ಪರಿಷತ್ತಿನ ಚುನಾವಣೆಗಳಲ್ಲಿ ಮತಪತ್ರದ ಮೇಲೆ ಚಿಹ್ನೆಯಿರುವುದಿಲ್ಲ; ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯವನ್ನು ಬರೆಯಬೇಕು. ಒಂದೇ ಸ್ಥಾನವಿದ್ದಲ್ಲಿ ಸಿಂಧು ಮತಗಳ ಅರ್ಧವನ್ನು ಮೀರಿದವರು ಗೆಲ್ಲುತ್ತಾರೆ. ಯಾರೂ ಮೀರದಿದ್ದರೆ ಕಡೆಯ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ವರ್ಗಾಯಿಸಲಾಗುತ್ತದೆ.

ಈ ಪದ್ಧತಿಯು ರಾಷ್ಟ್ರದ ಗಮನ ಸೆಳೆದದ್ದು 1969ರ ರಾಷ್ಟ್ರಪತಿ ಚುನಾವಣೆಯಲ್ಲಿ. ಆ ವರ್ಷದ ಜುಲೈನಲ್ಲಿ ಕಾಂಗ್ರೆಸ್ ಪಕ್ಷವು ಬೆಂಗಳೂರಿನಲ್ಲಿ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿಯಾಗಿ ಆರಿಸಿತು. ಪಕ್ಷದ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಸಂಪರ್ಕಿಸಿದರು. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆಯಿತ್ತರು. ಗೆಲುವಿಗೆ 4,18,169 ಮತಮೌಲ್ಯ ಬೇಕಿತ್ತು. ಮೊದಲ ಎಣಿಕೆಯಲ್ಲಿ ವಿ. ವಿ. ಗಿರಿ 4,01,515, ರೆಡ್ಡಿ 3,13,548, ಸಿ. ಡಿ. ದೇಶಮುಖ್ 1,12,769 ಪಡೆದರು. ವರ್ಗಾವಣೆಯ ಬಳಿಕ ಗಿರಿ 4,20,077, ರೆಡ್ಡಿ 4,05,427. ಎರಡನೆಯ ಪ್ರಾಶಸ್ತ್ಯದಿಂದಲೇ ಗಿರಿ ಗೆದ್ದರೆಂಬ ಮಾತು ಪ್ರಚಲಿತವಾಗಿದೆ. ಆದರೆ ವರ್ಗಾವಣೆಯಲ್ಲಿ ಗಿರಿಯವರಿಗೆ ದೊರೆತದ್ದು 18,562 ಮಾತ್ರ, ರೆಡ್ಡಿಯವರಿಗೆ 91,879. ಮೊದಲ ಎಣಿಕೆಯ ಮುನ್ನಡೆಯೇ ಗಿರಿಯವರನ್ನು ಕಾಯ್ದಿತು ಎಂಬುದು ಗಮನಾರ್ಹ.

ತುಮಕೂರು ಜಿಲ್ಲೆಯ ಜನರಿಗೆ ಈ ಪದ್ಧತಿ ನೇರವಾಗಿ ಎದುರಾಗುವುದು ವಿಧಾನ ಪರಿಷತ್ತಿನ ಆಗ್ನೇಯ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ್ತು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ. ಮೊದಲೆರಡರ ಮತದಾರರು ಓದಿದವರು. ಮೂರನೆಯದರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೂ ಮತದಾರರು. ಚಿಹ್ನೆಯ ಬಲದಿಂದ ಆಯ್ಕೆಯಾದ ಸದಸ್ಯರೇ ಇಲ್ಲಿ ಅಂಕಿ ಬರೆಯಬೇಕು. ಕನ್ನಡದ ‘೧’ ಸಿಂಧು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು. ಮೊದಲ ಪ್ರಾಶಸ್ತ್ಯ ಕಡ್ಡಾಯ, ಉಳಿದವು ಐಚ್ಛಿಕ. ಬರೆಯಲಾರದವರು ಸಹಾಯಕರ ನೆರವು ಪಡೆಯಲು ಅವಕಾಶವಿದೆಯಾದರೂ ಆಗ ಮತದ ಗೌಪ್ಯವು ಇನ್ನೊಬ್ಬರ ಪ್ರಾಮಾಣಿಕತೆಯನ್ನು ಅವಲಂಬಿಸುತ್ತದೆ.

ಚಿಹ್ನೆಯು ಮೌಖಿಕ ಸಮಾಜಕ್ಕೆ ತೆರೆದ ಬಾಗಿಲನ್ನು ಅಂಕಿಯು ಭಾಗಶಃ ಮುಚ್ಚುತ್ತದೆ. ಆದುದರಿಂದ ಪ್ರಾಶಸ್ತ್ಯ ಮತದ ಚರಿತ್ರೆಯನ್ನು ಫಲಿತಾಂಶದ ಪಟ್ಟಿಗಳೊಂದಿಗೆ ಗ್ರಾಮ ಪಂಚಾಯಿತಿ ಸದಸ್ಯರ, ವಿಶೇಷವಾಗಿ ಮಹಿಳಾ ಸದಸ್ಯರ, ಅನುಭವ ಕಥನಗಳಿಂದಲೂ ಕಟ್ಟಬೇಕಾಗಿದೆ.